ಚಿಕ್ಕಮಗಳೂರಲ್ಲಿ ಮನೆಗೆ ಯಾವ ನೆಟ್ ಹಾಕಿಸೋದು? ಹೋಲಿಸಿ ನೋಡುವ ಕ್ರಮ

"ಇಲ್ಲಿ ಯಾವ ನೆಟ್ ಚೆನ್ನಾಗಿದೆ?" ಅಂತ ಯಾರಾದರೂ ಕೇಳಿದರೆ ಒಂದು ಕಂಪನಿಯ ಹೆಸರು ಹೇಳಿ ಮುಗಿಸಲು ಆಗುವುದಿಲ್ಲ. ಮನೆ ಯಾವ ಬೀದಿಯಲ್ಲಿದೆ, ವೈರ್ ಯಾವ ಕಂಬದಿಂದ ಬರುತ್ತದೆ, ಅದು ಕಡಿದರೆ ಏಣಿ ತಗೊಂಡು ಬರುವವರು ಯಾರು, ಇಷ್ಟು ಗೊತ್ತಾಗಬೇಕು. ಒಂದೇ ಕಂಪನಿಯ ಫೈಬರ್ ಪೇಟೆಯೊಳಗೆ ಒಂದು ಥರ ಇರುತ್ತದೆ, ಆಲ್ದೂರು ದಾಟಿ ತೋಟದ ಒಳಗೆ ಹೋದರೆ ಬೇರೆ ಥರ. ಕಡೂರು ಬಯಲುಸೀಮೆ. ಮಳೆ ಕಡಿಮೆ, ಲೈನ್ ಮೇಲೆ ಮರ ಬೀಳುವುದೂ ಕಡಿಮೆ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆ ಜೂನ್ ಬಂತೆಂದರೆ ಕತೆಯೇ ಬೇರೆ. ಬೆಂಗಳೂರಿಗೆ ಅಂತ ಮಾಡಿದ ಹೋಲಿಕೆ ಪಟ್ಟಿಗಳಲ್ಲಿ ಸ್ಪೀಡ್ ಇರುತ್ತದೆ, ರೇಟ್ ಇರುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಅನ್ನೋದು ಇರುವುದಿಲ್ಲ. ನಮಗೆ ಬೇಕಾಗಿರುವುದು ಅದೇ ಅಲ್ವಾ?

ಹಾಗಾಗಿ ಕಂಪನಿಗಿಂತ ನಿಮ್ಮ ಮನೆವರೆಗೆ ಬರುವ ಲೈನನ್ನು ಹೋಲಿಸಿ, ಅದನ್ನು ರಿಪೇರಿ ಮಾಡುವವರನ್ನು ಹೋಲಿಸಿ. ಹೇಗೆ ಅಂತ ಮುಂದೆ ಹೇಳಿದ್ದೇನೆ. ಹಾಸನದ ಕಡೆಯವರಿಗೂ, ಅದರಲ್ಲೂ ಸಕಲೇಶಪುರ, ಬೇಲೂರು, ಆಲೂರಿನವರಿಗೆ, ಇದು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತದೆ.

ಏನೇನು ಸಿಗುತ್ತದೆ ಅಂತ ಮೊದಲು ನೋಡಿ

ಪೇಟೆಯಲ್ಲಿ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಫೈಬರ್ ಮತ್ತು ಕೇಬಲ್ ಟಿವಿಯವರ ನೆಟ್, ಇಷ್ಟರಲ್ಲಿ ಎರಡು ಮೂರಾದರೂ ನಿಮ್ಮ ಬೀದಿಗೆ ಬಂದಿರಬಹುದು. ಹಳ್ಳಿ ಕಡೆ ಅಷ್ಟು ಆಯ್ಕೆ ಇರುವುದಿಲ್ಲ. ಆಪ್‌ನಲ್ಲಿ ಪಿನ್‌ಕೋಡ್ ಹಾಕಿದಾಗ "ನಿಮ್ಮ ಏರಿಯಾದಲ್ಲಿ ಲಭ್ಯ" ಅಂತ ಬರುವುದನ್ನು ನಂಬಬೇಡಿ, ಒಂದು ಪಿನ್‌ಕೋಡ್‌ಗೆ ನಮ್ಮಲ್ಲಿ ಎಷ್ಟೋ ಊರು ಸೇರಿರುತ್ತವೆ. ಬೀದಿಗೆ ಇಳಿದು ಕಂಬದ ಮೇಲೆ ಯಾರ ಡಬ್ಬ ಇದೆ ನೋಡಿ, ಅಕ್ಕಪಕ್ಕದವರನ್ನು ಕೇಳಿ.

ಬಿಎಸ್‌ಎನ್‌ಎಲ್‌ನ ಭಾರತ್ ಫೈಬರ್ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಬಹಳ ಊರುಗಳಲ್ಲಿ ಲೈನ್ ಎಳೆಯುವುದು, ರಿಪೇರಿ ಮಾಡುವುದು ಕಂಪನಿಯ ನೌಕರರಲ್ಲ. ಆದಾಯ ಹಂಚಿಕೊಳ್ಳುವ ಒಪ್ಪಂದದ ಮೇಲೆ ಲೋಕಲ್ ಪಾಲುದಾರರು ಆ ಕೆಲಸ ನೋಡಿಕೊಳ್ಳುತ್ತಾರೆ. ಅಂದರೆ ಪಕ್ಕದೂರಿನವರು ಹೊಗಳಿದರೂ ನಿಮ್ಮೂರಿನ ಪಾಲುದಾರರು ಬೇರೆ ಆಗಿದ್ದರೆ ಆ ಹೊಗಳಿಕೆ ನಿಮಗೆ ಲೆಕ್ಕಕ್ಕಿಲ್ಲ, ಬೈದರೂ ಅಷ್ಟೇ. ಪಾಲುದಾರರು ಯಾರು, ಅವರ ಹುಡುಗರು ಎಲ್ಲಿರುತ್ತಾರೆ ಅಂತ ಕೇಳಿ.

ಏರ್‌ಫೈಬರ್ ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಟವರಿನ 5ಜಿ ಸಿಗ್ನಲ್. ಕಂಬ, ವೈರ್ ಯಾವ ರಗಳೆಯೂ ಇಲ್ಲ, ಒಂದೇ ದಿನದಲ್ಲಿ ಹಾಕಿ ಹೋಗುತ್ತಾರೆ. ಪೇಟೆಯಲ್ಲಿ, ಬಯಲಿನಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಸುತ್ತ ಸಿಲ್ವರ್ ಮರ, ಕಾಡುಮರ ಇರುವ ತೋಟದ ಮನೆಯಲ್ಲಿ ಹುಷಾರು. 5ಜಿಗೆ ಬಳಸುವ ಎತ್ತರದ ಬ್ಯಾಂಡ್‌ಗಳು ದಟ್ಟ ಎಲೆ ದಾಟುವಾಗ ಸೊರಗುತ್ತವೆ, ಎಲೆ ಒದ್ದೆ ಇದ್ದರೆ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಡೆಮೊ ನೋಡಿ ಹಾಕಿಸಿಕೊಂಡವರಿಗೆ ಮಳೆಗಾಲದಲ್ಲಿ ಅದೇ ಸ್ಪೀಡ್ ಸಿಗದೆ ಹೋಗಬಹುದು. ಕೇಳುವ ಮೊದಲು ಅದೇ ಕಂಪನಿಯ 5ಜಿ ಸಿಮ್ ಇರುವ ಫೋನ್ ಹಿಡಿದು ಮನೆಯ ತಾರಸಿ ಹತ್ತಿ ನೋಡಿ. ಅಲ್ಲೇ 5ಜಿ ಹೋಗಿ 4ಜಿ ಬರುತ್ತಿದ್ದರೆ ಆ ಯೋಚನೆ ಬಿಡಿ.

ಕರೆಂಟ್ ಹೋದಾಗ ಏನಾಗುತ್ತದೆ?

ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಮ್ಮ ಕಡೆ ಇದೇ ಮುಖ್ಯ ಪ್ರಶ್ನೆ.

ನಿಜವಾದ ಫೈಬರ್ ಲೈನ್‌ನಲ್ಲಿ ಎಕ್ಸ್‌ಚೇಂಜ್‌ನಿಂದ, ಅಂದರೆ ಲೈನ್ ಹೊರಡುವ ಕಂಪನಿಯ ಕೇಂದ್ರದಿಂದ, ನಿಮ್ಮ ಮನೆವರೆಗೆ ಮಧ್ಯದಲ್ಲಿ ಎಲ್ಲೂ ಕರೆಂಟ್ ಬೇಕಾಗುವುದಿಲ್ಲ. ಕಂಬದ ಮೇಲಿರುವ ಸ್ಪ್ಲಿಟರ್ ಬರೀ ಬೆಳಕನ್ನು ಹಂಚುವ ಗಾಜಿನ ಸಾಧನ. ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿ, ಜನರೇಟರ್ ಇದ್ದು ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಇಡೀ ಊರು ಕತ್ತಲಾದರೂ ನೆಟ್ ಓಡುತ್ತದೆ. ಆದರೆ ಕೆಲವು ಕೇಬಲ್‌ನವರು ಬೀದಿ ತಲೆವರೆಗೆ ಫೈಬರ್ ತಂದು, ಅಲ್ಲಿ ಒಂದು ಡಬ್ಬದಲ್ಲಿ ಸ್ವಿಚ್ (ನೆಟ್ ಹಂಚುವ ಸಾಧನ) ಇಟ್ಟು, ಅಲ್ಲಿಂದ ಮನೆಗಳಿಗೆ ತಾಮ್ರದ ಲ್ಯಾನ್ ವೈರ್ ಎಳೆಯುತ್ತಾರೆ. ಆ ಡಬ್ಬಕ್ಕೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಕರೆಂಟ್ ಇದ್ದು ಆ ಡಬ್ಬ ಇರುವ ಬೀದಿಯಲ್ಲಿ ಮೆಸ್ಕಾಂ ಲೈನ್ ಹೋಗಿದ್ದರೂ ನೆಟ್ ಇಲ್ಲ. ಜೊತೆಗೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಆ ತಾಮ್ರದ ವೈರ್ ಮೂಲಕ ರೂಟರ್ ಸುಟ್ಟುಹೋಗುವ ಭಯ ಬೇರೆ. ಮನೆಗೆ ಬರುವ ವೈರ್ ತುದಿ ನೋಡಿ: ಅಗಲವಾದ ಲ್ಯಾನ್ ಪಿನ್ ಇದ್ದರೆ ತಾಮ್ರ, ಸಣ್ಣ ಹಸಿರು ಅಥವಾ ನೀಲಿ ಕನೆಕ್ಟರ್ ಇದ್ದರೆ ಫೈಬರ್. ಎರಡೂ ಒಂದೇ ರೇಟಿಗೆ ಸಿಗುತ್ತಿದ್ದರೆ ಕಣ್ಣುಮುಚ್ಚಿ ಫೈಬರ್ ತಗೊಳ್ಳಿ.

ಏರ್‌ಫೈಬರ್‌ನದು ಮತ್ತೊಂದು ಬಗೆ. ಅದು ಟವರಿನ ಬ್ಯಾಟರಿಯನ್ನು ನಂಬಿಕೊಂಡಿದೆ. ಕರೆಂಟ್ ಹೋಗಿ ಎರಡು ಮೂರು ಗಂಟೆ ಆದ ಮೇಲೆ ನಿಮ್ಮ ಫೋನಿನ ಸಿಗ್ನಲ್ಲೇ ಸಾಯುತ್ತದೆಯಾ? ಹಾಗಿದ್ದರೆ ಅದೇ ಟವರಿನ ಏರ್‌ಫೈಬರ್ ಕೂಡ ಸಾಯುತ್ತದೆ.

ಮನೆಯಲ್ಲಿ ಇನ್ವರ್ಟರ್ ಇಲ್ಲದವರು ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ತರಿಸಿ. ತರುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ. ಬಹುಪಾಲು 12 ವೋಲ್ಟ್ ಇರುತ್ತದೆ. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು.

ನೆಟ್‌ನವರಿಗೆ ಕೇಳಬೇಕಾದ ಪ್ರಶ್ನೆಗಳು

ಸ್ಪೀಡ್ ಎಷ್ಟು ಅಂತ ಕೇಳಿ ಏನೂ ತಿಳಿಯುವುದಿಲ್ಲ, ಎಲ್ಲರೂ ನೂರು ಅನ್ನುತ್ತಾರೆ. ಬದಲಿಗೆ, ಸ್ಪ್ಲೈಸಿಂಗ್ ಮಷಿನ್ ನಿಮ್ಮ ಹತ್ತಿರವೇ ಇದೆಯಾ ಅಂತ ಕೇಳಿ. ಕಡಿದ ಫೈಬರನ್ನು ಸರಿಯಾಗಿ ಬೆಸೆಯಲು ಅದು ಬೇಕೇ ಬೇಕು. ಸ್ವಂತ ಮಷಿನ್ ಇಲ್ಲದವರು ಬೇರೆ ಊರಿನಿಂದ ತರಿಸುವವರೆಗೆ ನೀವು ಕಾಯುತ್ತಾ ಕೂರಬೇಕು. ಲೈನ್ ಹುಡುಗರು ಎಷ್ಟು ಜನ, ಭಾನುವಾರ ಬರುತ್ತಾರಾ, ಕಳೆದ ಮಳೆಗಾಲದಲ್ಲಿ ಈ ಬೀದಿಯಲ್ಲಿ ಅತಿ ಹೆಚ್ಚು ಅಂದರೆ ಎಷ್ಟು ದಿನ ನೆಟ್ ಇರಲಿಲ್ಲ ಅಂತಲೂ ಕೇಳಿ. ಕೊನೆಯದನ್ನು ನೆಟ್‌ನವರ ಬಾಯಿಂದ ಕೇಳಿದ ಮೇಲೆ ಪಕ್ಕದ ಮನೆಯವರ ಬಾಯಿಂದಲೂ ಕೇಳಿ. ಎರಡು ಉತ್ತರಕ್ಕೂ ಬಹಳ ವ್ಯತ್ಯಾಸ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ತೋಟದ ಮನೆಯವರು ಲೈನ್ ಯಾವ ದಾರಿಯಲ್ಲಿ ಬರುತ್ತದೆ ಅಂತ ಒಮ್ಮೆ ಅದರ ಜೊತೆಯಲ್ಲೇ ನಡೆದುಕೊಂಡು ಹೋಗಿ ನೋಡಿ. ಮಳೆಗಾಲಕ್ಕೆ ಮೊದಲು ಮರಗಸಿ (ತೋಟದ ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ ಕೊಂಬೆ ಬಿದ್ದು ಕಡಿಯುವುದು, ಅಳಿಲು ಕಚ್ಚುವುದು, ರಸ್ತೆ ಕೆಲಸದ ಜೆಸಿಬಿ ಎಳೆದುಹಾಕುವುದು, ನಮ್ಮಲ್ಲಿ ನೆಟ್ ಹೋಗಲು ಇವೇ ಸಾಮಾನ್ಯ ಕಾರಣ. ತೋಟದ ಒಳಗಿಂದ ಹೋಗುವ ಲೈನ್‌ಗಿಂತ ರಸ್ತೆ ಬದಿಯಲ್ಲಿ ಕಂಬದಿಂದ ಕಂಬಕ್ಕೆ ಬರುವ ಲೈನ್ ಉದ್ದವಾದರೂ ಒಳ್ಳೆಯದು, ಯಾಕೆಂದರೆ ಕಡಿದ ಜಾಗ ಬೇಗ ಸಿಗುತ್ತದೆ. ಮರಗಸಿಗೆ ಬರುವವರಿಗೆ ಲೈನ್ ತೋರಿಸಿ ಇಡಿ.

ಕನೆಕ್ಷನ್ ಕೊಡಲು ಬಂದ ದಿನ ಮೀಟರ್ ಹಚ್ಚಿ ಬೆಳಕಿನ ಪವರ್ ಎಷ್ಟು ಬರುತ್ತಿದೆ ಅಂತ ತೋರಿಸಲು ಹೇಳಿ. ಡಿಬಿಎಂ ಅಂತ ಮೈನಸ್ ಅಂಕಿಯಲ್ಲಿ ಬರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಚಿಂತೆ ಇಲ್ಲ. ಮೈನಸ್ 25 ದಾಟಿದ್ದರೆ ಜಾಯಿಂಟ್ ಮತ್ತೆ ಮಾಡಿಕೊಡಿ ಅನ್ನಿ. ಮೈನಸ್ 27, 28ರ ಹತ್ತಿರ ಇದ್ದರೆ ಆ ಲೈನ್ ತುದಿಯಲ್ಲಿ ನಿಂತಿದೆ ಅಂತ ಅರ್ಥ. ಮೂರು ಡಿಬಿ ಇಳಿದರೆ ಬೆಳಕು ಅರ್ಧ ಆಯಿತು. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ತೊಂದರೆ ಬಂದಾಗ ಹೋಲಿಸಲು ಬೇಕು. ಮನೆಯೊಳಗೆ ವೈರನ್ನು ಬಾಗಿಲ ಸಂದಿಯಲ್ಲಿ ಚೂಪಾಗಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ, ಅಲ್ಲೇ ಬೆಳಕು ಸೋರುತ್ತದೆ.

ಅಳೆಯುವುದು

ಪೋಸ್ಟರಿನಲ್ಲಿ 100 ಎಂಬಿಪಿಎಸ್ ಅಂದರೆ ಡೌನ್‌ಲೋಡ್ ಆಗುವಾಗ ಸೆಕೆಂಡಿಗೆ 12.5 ಎಂಬಿ. ಮೊದಲನೆಯದು ಬಿಟ್ ಲೆಕ್ಕ, ಎರಡನೆಯದು ಬೈಟ್ ಲೆಕ್ಕ, ಎಂಟರಿಂದ ಭಾಗಿಸಬೇಕು. ಹಾಗಾಗಿ 12 ಬಂತು ಅಂತ ನೆಟ್‌ನವರ ಜೊತೆ ಜಗಳಕ್ಕೆ ಹೋಗಬೇಡಿ.

ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ನೇರ ಲ್ಯಾನ್ ವೈರ್ ಹಾಕಿ ಟೆಸ್ಟ್ ಮಾಡಿ. ವೈಫೈನಲ್ಲಿ ಮಾಡಿದ ಟೆಸ್ಟ್ ನಿಮ್ಮ ಗೋಡೆಯನ್ನು ಅಳೆಯುತ್ತದೆ, ಲೈನನ್ನಲ್ಲ. ಹಳೆ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಸ್ ವೈಫೈ ಒದ್ದಾಡುತ್ತದೆ. 2.4 ದೂರ ಹೋಗುತ್ತದೆ, ಆದರೆ ನಿಧಾನ. ವೈರ್ ಹಾಕಿದರೂ 90ರ ಹತ್ತಿರವೇ ನಿಲ್ಲುತ್ತಿದ್ದರೆ ರೂಟರಿನ ಲ್ಯಾನ್ ಪೋರ್ಟ್ 100ರದ್ದೇ ಇರಬಹುದು. ಅಂಥ ರೂಟರ್ ಕೊಟ್ಟು 200ರ ಪ್ಲ್ಯಾನ್ ಮಾರಿದರೆ ಗಿಗಾಬಿಟ್ ಪೋರ್ಟ್ ಇರುವುದನ್ನು ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

ಸ್ಪೀಡ್‌ಟೆಸ್ಟ್ ಆಪ್ ತಾನಾಗಿ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತದೆ. ಎಷ್ಟೋ ಸಲ ಅದು ಅದೇ ಕಂಪನಿಯ ಒಳಗಿನ ಸರ್ವರ್ ಆಗಿರುತ್ತದೆ, ಅಂಕಿ ಚೆನ್ನಾಗಿಯೇ ಬರುತ್ತದೆ. ಸರ್ವರ್ ಬದಲಾಯಿಸಿ ಬೆಂಗಳೂರಿನಲ್ಲಿರುವ ಬೇರೆ ಕಂಪನಿಯದ್ದು ಒಂದು ಇಟ್ಟು ನೋಡಿ. ಆಮೇಲೆ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ. ಕಂಪನಿಯ ಒಳಗಿನ ಸರ್ವರ್‌ಗೂ ಇವಕ್ಕೂ ಭಾರಿ ವ್ಯತ್ಯಾಸ ಬಂದರೆ ಲೋಕಲ್ ಲೈನ್ ಚೆನ್ನಾಗಿದೆ, ಹೊರಗೆ ಹೋಗುವ ದಾರಿ ಇಕ್ಕಟ್ಟು ಅಂತ ತಿಳಿಯಬೇಕು. ಬೆಳಿಗ್ಗೆ ಆರಕ್ಕೆ ಎಲ್ಲರ ನೆಟ್ಟೂ ಚೆನ್ನಾಗಿರುತ್ತದೆ. ರಾತ್ರಿ ಎಂಟರಿಂದ ಹತ್ತರೊಳಗೆ ನೋಡಿ, ಭಾನುವಾರವೂ ನೋಡಿ. ಮನೆಗಳಿಗೆ ಸಾಮಾನ್ಯವಾಗಿ ಬರುವ ಜಿಪಾನ್ ಅನ್ನುವ ಬಗೆಯ ಫೈಬರ್‌ನಲ್ಲಿ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ, ಎಲ್ಲರೂ ಕ್ರಿಕೆಟ್ ನೋಡಲು ಕೂತಾಗಲೇ ನಿಜ ಬಯಲಾಗುವುದು.

ಸ್ಪೀಡ್‌ಗಿಂತ ನಾನು ಜಾಸ್ತಿ ಬೆಲೆ ಕೊಡುವುದು ಪಿಂಗ್‌ಗೆ, ಅಂದರೆ ಒಂದು ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯಕ್ಕೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು 8.8.8.8, ಮತ್ತೆ ಸ್ಪೇಸ್ ಬಿಟ್ಟು ಅಡ್ಡಗೆರೆ (-) ಮತ್ತು ಟಿ (t) ಹಾಕಿ ಎಂಟರ್ ಒತ್ತಿ. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಅರ್ಧ ಗಂಟೆ ಓಡಲು ಬಿಟ್ಟು ಕಂಟ್ರೋಲ್ ಮತ್ತು ಸಿ ಒತ್ತಿದರೆ ಎಷ್ಟು ಪ್ಯಾಕೆಟ್ (ಕಳಿಸಿದ ಡೇಟಾ ತುಣುಕು) ಕಳೆದುಹೋಯಿತು ಅಂತ ಲೆಕ್ಕ ಕೊಡುತ್ತದೆ. ಒಳ್ಳೆ ಫೈಬರ್‌ನಲ್ಲಿ ಒಂದೂ ಕಳೆಯಬಾರದು, ಸಮಯವೂ ಒಂದೇ ಸಮ ಇರಬೇಕು. ಇಪ್ಪತ್ತು, ಇಪ್ಪತ್ತೆರಡು ಮಿಲಿಸೆಕೆಂಡ್ ಅಂತ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಮುನ್ನೂರಕ್ಕೆ ಹಾರಿ ಮತ್ತೆ ಇಳಿಯುತ್ತಿದ್ದರೆ ನಿಮ್ಮ ಮೀಟಿಂಗ್‌ನಲ್ಲಿ ದನಿ ತುಂಡು ತುಂಡಾಗುವುದು ಅದಕ್ಕೇ. ಈ ಪಿಂಗ್ ಓಡುತ್ತಿರುವಾಗಲೇ ಇನ್ನೊಂದು ಫೋನಿನಲ್ಲಿ ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಹಾಕಿ ನೋಡಿ, ಆಗಲೂ ಅಲುಗದ ಲೈನ್ ಸಿಕ್ಕರೆ ಬಿಡಬೇಡಿ.

ಸ್ಪೀಡ್ ಎಷ್ಟು ಸಾಕು? 2023ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು, ಅದು ಈಗಿನ ಮನೆಗೆ ಏನೂ ಸಾಲದು. ಆದರೆ ಫುಲ್ ಎಚ್‌ಡಿ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 5 ಎಂಬಿಪಿಎಸ್, 4ಕೆ ಆದರೆ 15. ಝೂಮ್ ಮೀಟಿಂಗ್‌ಗೆ ಮೂರು ನಾಲ್ಕು ಸಾಕು. ನಾಲ್ಕು ಜನರ ಮನೆಗೆ ಅಲುಗಾಡದ 40 ಇದ್ದರೆ ದಿನಕ್ಕೆರಡು ಸಲ ಕಡಿಯುವ 300ಕ್ಕಿಂತ ಎಷ್ಟೋ ಮೇಲು. ಹೋಂಸ್ಟೇ ನಡೆಸುವವರು, ತೋಟದ ಕ್ಯಾಮೆರಾಗಳನ್ನು ಬೇರೆ ಊರಿನಿಂದ ನೋಡುವವರು ಅಪ್‌ಲೋಡ್ ಎಷ್ಟು ಅಂತ ಬೇರೆಯಾಗಿ ಕೇಳಿ. ಕೆಲವರು ಡೌನ್‌ಲೋಡ್ 100 ಕೊಟ್ಟು ಅಪ್‌ಲೋಡನ್ನು ಬಹಳ ಕಡಿಮೆ ಇಡುತ್ತಾರೆ.

ದುಡ್ಡು

399 ಅಂತ ಬರೆದಿದ್ದರೆ 18% ಜಿಎಸ್‌ಟಿ ಸೇರಿ 471 ಆಗುತ್ತದೆ. ಅನ್‌ಲಿಮಿಟೆಡ್ ಅಂದರೂ ತಿಂಗಳಿಗೆ ಮಿತಿ ಇದೆ. ದೊಡ್ಡ ಕಂಪನಿಗಳ ಫೈಬರ್‌ನಲ್ಲಿ ಸಾಮಾನ್ಯವಾಗಿ 3300 ಜಿಬಿ, ಏರ್‌ಫೈಬರ್‌ನಲ್ಲಿ 1000 ಜಿಬಿ. ಮನೆ ಬಳಕೆಗೆ ಧಾರಾಳ, ಹತ್ತು ರೂಮಿನ ಹೋಂಸ್ಟೇಗೆ ಯೋಚನೆ ಮಾಡಬೇಕು. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಉಚಿತ, ರೂಟರ್ ಉಚಿತ ಅನ್ನುತ್ತಾರೆ. ಒಂದು ಮಳೆಗಾಲ ಆ ಲೈನ್ ಹೇಗಿದೆ ನೋಡದೆ ವರ್ಷದ್ದು ಕಟ್ಟಬೇಡಿ. ರೂಟರ್‌ಗೆ ಸ್ವಲ್ಪ ಜಾಸ್ತಿ ಹೋದರೂ ಪರವಾಗಿಲ್ಲ, ತಿಂಗಳು ತಿಂಗಳು ಕಟ್ಟಿ. ಬಿಟ್ಟು ಹೋಗುವ ದಾರಿ ತೆರೆದಿದ್ದರೆ ಫೋನ್ ಮಾಡಿದಾಗ ಬೇಗ ಬರುತ್ತಾರೆ.

ಮನೆಯಿಂದಲೇ ಕೆಲಸ ಮಾಡುವವರಿಗೆ ಎರಡನೇ ಲೈನ್ ಬೇಕೇ ಬೇಕು. ಆದರೆ ಎರಡು ಕಂಪನಿಯ ಫೈಬರ್ ಒಂದೇ ಕಂಬದ ಮೇಲೆ ಬರುತ್ತಿದ್ದರೆ ಕಂಬ ಬಿದ್ದಾಗ ಎರಡೂ ಹೋಗುತ್ತವೆ, ಅದು ಒಂದೇ ಲೈನ್ ಇದ್ದ ಹಾಗೆ. ಒಂದು ಫೈಬರ್ ಇಟ್ಟುಕೊಂಡು, ಇನ್ನೊಂದು ಬೇರೆ ಕಂಪನಿಯ ಸಿಮ್ ಅಥವಾ ಏರ್‌ಫೈಬರ್ ಇರಲಿ.

ನೆಟ್ ಹೋದಾಗ ಮೊದಲು ಮನೆಯ ರೂಟರ್ ಡಬ್ಬದ ದೀಪ ನೋಡಿ. ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ವೈರ್ ಎಲ್ಲೋ ಕಡಿದಿದೆ ಅಥವಾ ಪಿನ್ ಸಡಿಲ ಆಗಿದೆ. ಸುಮ್ನೆ ರೂಟರ್ ಆಫ್-ಆನ್ ಮಾಡುತ್ತಾ ಕೂರಬೇಡಿ. ಲೈನ್ ಹುಡುಗರಿಗೆ ಫೋನ್ ಮಾಡಿ "ಅಣ್ಣಾ, ಕೆಂಪು ದೀಪ ಬಂದಿದೆ" ಅಂದರೆ ಅವರಿಗೆ ಕೂಡಲೇ ಅರ್ಥ ಆಗುತ್ತದೆ. ಜೊತೆಗೆ ಕಂಪನಿಯ ಆಪ್‌ನಲ್ಲೋ ಕಸ್ಟಮರ್ ಕೇರ್‌ನಲ್ಲೋ ದೂರು ದಾಖಲಿಸಿ ಡಾಕೆಟ್ ನಂಬರ್ ತಗೊಳ್ಳಿ, ಎಷ್ಟೇ ಪರಿಚಯದವರಾಗಿದ್ದರೂ ಸರಿ. ಆ ನಂಬರ್ ಇಲ್ಲದಿದ್ದರೆ ಮುಂದಿನ ಹೆಜ್ಜೆ ಇಡಲು ಆಗುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ನೇರವಾಗಿ ಬಗೆಹರಿಸುವುದಿಲ್ಲ. ಕಂಪನಿಯ ದೂರು ಕೇಂದ್ರದಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು, ಅದಕ್ಕೆ ಶುಲ್ಕ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು.