ಗುಜರಿಯಿಂದ ಬಂದ 486ಕ್ಕೆ ಎಸ್‌ಡಿಎಲ್ ಒಗ್ಗಿಸುವ ಬಗೆ

ಮೈಸೂರಿನ ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕಕ್ಕೆ ಬಿದ್ದಿರುವ ಕಂಪ್ಯೂಟರುಗಳ ನಡುವೆ ಈಗಲೂ ಒಮ್ಮೊಮ್ಮೆ 486 (ಪೆಂಟಿಯಮ್ಮಿಗೂ ಹಿಂದಿನ ಪ್ರೊಸೆಸರ್) ಇರುವ ಯಂತ್ರವೊಂದು ಕೈಗೆ ಸಿಗುತ್ತದೆ. ನನಗೆ ಸಿಕ್ಕಿದ್ದು 66 ಮೆಗಾಹರ್ಟ್ಸ್ ವೇಗದ ಡಿಎಕ್ಸ್2, 16 ಎಂಬಿ ಮೆಮೊರಿಯದು. ಮಂಡ್ಯದಲ್ಲಿರುವ ಗೆಳೆಯರ ಬಳಿ ಇರುವುದು 486 ಎಸ್‌ಎಕ್ಸ್. ಲ್ಯಾಪ್‌ಟಾಪಿನಲ್ಲಿ ಎಸ್‌ಡಿಎಲ್ ಲೈಬ್ರರಿ ಬಳಸಿ ಬರೆದಿದ್ದ ಚೌಕಾಬಾರ ಆಟವನ್ನು, ಆಟದ ಕೋಡಿಗೆ ಕೈ ಹಚ್ಚದೆ, ಈ ಎರಡು ಯಂತ್ರಗಳ ಡಾಸ್‌ನಲ್ಲಿ (ವಿಂಡೋಸ್‌ಗೂ ಹಿಂದಿನ ಕಾರ್ಯವ್ಯವಸ್ಥೆಯಲ್ಲಿ) ಓಡಿಸಬೇಕೆಂದು ನಾವಿಬ್ಬರೂ ಬಿಡುವಿನ ಭಾನುವಾರಗಳಲ್ಲಿ ಕುಳಿತೆವು. ಆ ಕೆಲಸದ ಕ್ರಮವನ್ನು, ಸಿ ಭಾಷೆ ಬಲ್ಲವರು ತಾವೇ ಮಾಡಿಕೊಳ್ಳಲು ಅನುಕೂಲವಾಗುವಂತೆ, ಇಲ್ಲಿ ಬರೆದಿದ್ದೇನೆ.

ಎಸ್‌ಡಿಎಲ್ ಎಂಬುದು ಸ್ಯಾಮ್ ಲ್ಯಾಂಟಿಂಗಾ ಅವರು 1998ರಲ್ಲಿ ಆರಂಭಿಸಿದ ಲೈಬ್ರರಿ. ಆಟಕ್ಕೂ ಯಂತ್ರಕ್ಕೂ ನಡುವೆ ನಿಂತು ಚಿತ್ರ, ಸದ್ದು, ಕೀಬೋರ್ಡು, ಗಡಿಯಾರಗಳನ್ನು ಅದು ನೋಡಿಕೊಳ್ಳುತ್ತದೆ. ಆದ್ದರಿಂದ ಲೈಬ್ರರಿಯನ್ನು ಒಮ್ಮೆ ಒಗ್ಗಿಸಿದರೆ ಅದನ್ನು ನೆಚ್ಚಿದ ಚಿಕ್ಕಪುಟ್ಟ ಆಟಗಳೆಲ್ಲ ಹಿಂದೆಯೇ ಬರುತ್ತವೆ. ಮೊದಲು ಆವೃತ್ತಿಯನ್ನು ಆರಿಸಿಕೊಳ್ಳಬೇಕು. ಹಳೆಯ 1.2 ಪುಟ್ಟದು, ಆದರೆ ಅದರ ಪರವಾನಗಿ ಎಲ್‌ಜಿಪಿಎಲ್; ಡಾಸ್‌ನಲ್ಲಿ ಲೈಬ್ರರಿಯನ್ನು ಆಟದೊಳಕ್ಕೇ ಸೇರಿಸಿ ಒಂದೇ ಕಡತ ಮಾಡಬೇಕಾದ್ದರಿಂದ, ಬಳಸುವವರು ಬೇರೆ ಎಸ್‌ಡಿಎಲ್ ಜೊತೆ ಮತ್ತೆ ಲಿಂಕ್ ಮಾಡಿಕೊಳ್ಳಲು ಅವಕಾಶ ಕೊಡಬೇಕೆಂಬ ಷರತ್ತು ತೊಡಕಾಗುತ್ತದೆ. 2013ರಲ್ಲಿ ಬಂದ 2.0ಗೆ ಝಡ್‌ಲಿಬ್ ಪರವಾನಗಿ ಇದೆ; ಮೂಲವನ್ನು ತಮ್ಮದೆನ್ನದೆ, ಪರವಾನಗಿಯ ಸೂಚನೆಯನ್ನು ಉಳಿಸಿಕೊಂಡು, ತಿದ್ದಿದ ಪ್ರತಿಯನ್ನು ತಿದ್ದಿದ್ದೆಂದೇ ಹೇಳಿದರೆ ಸಾಕು. 2025ರ ಜನವರಿಯಲ್ಲಿ ಮೂರನೆಯ ಸರಣಿಯೂ ಸ್ಥಿರ ರೂಪದಲ್ಲಿ ಬಿಡುಗಡೆಯಾಗಿದೆ. ಮೊದಲ ಪ್ರಯತ್ನಕ್ಕೆ 2 ಸಾಕೆಂಬುದು ನನ್ನ ತೀರ್ಮಾನ.

ಯಂತ್ರಕ್ಕೆ ಕರೆಂಟು ಕೊಡುವ ಮುನ್ನ ಮದರ್‌ಬೋರ್ಡಿನ ಮೇಲಿರುವ ಪೀಪಾಯಿ ಆಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಸದ್ದು ಮಾಡುವ ಹಾರ್ಡ್ ಡಿಸ್ಕಿನ ಬದಲು ಐಡಿಇ ಅಡಾಪ್ಟರಿನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಕೂರಿಸಿಕೊಂಡರೆ ಕಡತಗಳನ್ನು ಲ್ಯಾಪ್‌ಟಾಪಿನಿಂದ ಒಯ್ಯುವುದು ಸುಲಭ.

ಕಂಪೈಲ್ ಮಾಡುವ ಕೆಲಸವನ್ನು 486ರ ಮೇಲೆ ಹೇರಬೇಡಿ. ಎಸ್‌ಡಿಎಲ್‌ನ ಕಡತಗಳಿಗೆ ಉದ್ದುದ್ದ ಹೆಸರುಗಳಿವೆ. ಡಾಸ್ ಒಪ್ಪುವುದು ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಬಾಲ ಮಾತ್ರ. ಡಿಜೆ ಡಿಲೋರಿ ಅವರು 1989ರಲ್ಲಿ ಶುರುಮಾಡಿದ ಡಿಜೆಜಿಪಿಪಿ ಎಂಬುದು ಜಿಸಿಸಿ ಕಂಪೈಲರಿನ ಡಾಸ್ ರೂಪ. ಅದನ್ನು ಲಿನಕ್ಸ್‌ನಲ್ಲಿ ಕ್ರಾಸ್ ಕಂಪೈಲರ್ (ಒಂದು ಯಂತ್ರದಲ್ಲಿ ಓಡಿ ಇನ್ನೊಂದಕ್ಕೆ ಕೋಡು ತಯಾರಿಸುವಂಥದ್ದು) ಆಗಿ ಸ್ಥಾಪಿಸಿಕೊಳ್ಳಿ, ಮತ್ತು ಗುರಿ 486 ಎಂದು ಕಂಪೈಲರಿಗೆ ಸ್ಪಷ್ಟವಾಗಿ ತಿಳಿಸಿ. ಇಲ್ಲವಾದರೆ ಪೆಂಟಿಯಮ್ಮಿನ ಕೋಡು ನುಸುಳಬಹುದು.

ಎಸ್‌ಡಿಎಲ್‌ಗೆ ಕೈ ಹಾಕುವ ಮೊದಲು ಬರಿಯ ವಿಜಿಎ (ಆ ಕಾಲದ ಚಿತ್ರ ಕಾರ್ಡಿನ ಮಾದರಿ) ಪರದೆಯ ಮೇಲೆ ಬಣ್ಣದ ಪಟ್ಟಿಗಳನ್ನು ಬಳಿಯುವ ಐವತ್ತು ಅರವತ್ತು ಸಾಲಿನ ಪ್ರೋಗ್ರಾಮೊಂದನ್ನು ಬರೆಯಿರಿ. ಹದಿನಾರರ ಎಣಿಕೆಯಲ್ಲಿ 13 ಎಂಬ ಮೋಡ್ 320 ಅಡ್ಡ, 200 ಉದ್ದದ ಪರದೆಯನ್ನು 256 ಬಣ್ಣಗಳೊಂದಿಗೆ ಕೊಡುತ್ತದೆ. ಒಂದು ಚುಕ್ಕಿಗೆ ಒಂದು ಬೈಟ್, ಒಟ್ಟು 64,000 ಬೈಟ್. ಈ ಮೆಮೊರಿ ಸರಿಯಾಗಿ 640 ಕೆಬಿ ಗಡಿಯಿಂದ ಆರಂಭವಾಗುತ್ತದೆ. ಡಿಜೆಜಿಪಿಪಿಯ ಪ್ರೋಗ್ರಾಮು ಪ್ರೊಟೆಕ್ಟೆಡ್ ಮೋಡಿನಲ್ಲಿ, ಅಂದರೆ ತನ್ನದೇ ಪ್ರತ್ಯೇಕ ಮೆಮೊರಿ ವಿಳಾಸಗಳೊಳಗೆ, ಓಡುವುದರಿಂದ ಅಲ್ಲಿಗೆ ಸುಮ್ಮನೆ ನೇರ ಪಾಯಿಂಟರ್ ಇಡಲಾಗದು; ಡಾಸ್‌ಮೆಮ್‌ಪುಟ್ ಫಂಕ್ಷನ್ ಬಳಸಿ ಇಡೀ ಚಿತ್ರವನ್ನು ಒಂದೇ ಸಲ ನಕಲಿಸಬೇಕು. ನನ್ನ ಮೊದಲ ಪಟ್ಟಿಗೆ ನಾನು ಕೊಟ್ಟಿದ್ದು ಅರಿಶಿನದ ಬಣ್ಣ: ಕೆಂಪು 255, ಹಸಿರು 200, ನೀಲಿ 0. ಪರದೆಯ ಮೇಲೆ ಕಂಡದ್ದು ಅಪ್ಪಟ ಕುಂಕುಮ! ವಿಜಿಎ ಪ್ರತಿ ಬಣ್ಣದಲ್ಲೂ ಆರು ಬಿಟ್‌ಗಳನ್ನಷ್ಟೇ, ಅಂದರೆ 0ಯಿಂದ 63ರವರೆಗಿನ ಅಂಕಿಯನ್ನಷ್ಟೇ, ತೆಗೆದುಕೊಳ್ಳುತ್ತದೆ. ಮೇಲಿನ ಎರಡು ಬಿಟ್ ಉದುರಿದಾಗ 255 ಎಂಬುದು 63 ಆಗಿ ಕೆಂಪು ತುಂಬಿಯೇ ಉಳಿಯಿತು, 200 ಎಂಬುದು 8ಕ್ಕೆ ಇಳಿದು ಹಸಿರು ಬತ್ತಿತು. ಪ್ರತಿ ಅಂಕಿಯನ್ನೂ ನಾಲ್ಕರಿಂದ ಭಾಗಿಸಿ ಕಳಿಸಿದೊಡನೆ ಅರಿಶಿನ ಮರಳಿತು.

ಇನ್ನು ಲೈಬ್ರರಿ. ಎಸ್‌ಡಿಎಲ್ 2ರ ಜೊತೆಗೇ ಮಿನಿಮಲ್ ಎಂಬ ಕಾನ್ಫಿಗರೇಶನ್ ಕಡತ ಬರುತ್ತದೆ. ಅದರಲ್ಲಿ ಥ್ರೆಡ್ಡು, ಟೈಮರು, ಜಾಯ್‌ಸ್ಟಿಕ್ಕುಗಳೆಲ್ಲ ನಿಷ್ಕ್ರಿಯವಾಗಿದ್ದು, ಚಿತ್ರಕ್ಕೂ ಸದ್ದಿಗೂ ಏನೂ ಮಾಡದ ಡಮ್ಮಿ ಡ್ರೈವರುಗಳಿವೆ. ಮೊದಲು, ಓಡುವಾಗ ಬೇರೆ ಎಸ್‌ಡಿಎಲ್ ಪ್ರತಿಯನ್ನು ಜೋಡಿಸಿಕೊಳ್ಳುವ ಡೈನಮಿಕ್ ಎಪಿಐ ಸೌಲಭ್ಯವನ್ನು ತೆಗೆದುಹಾಕಿ, ಉಳಿದದ್ದನ್ನು ಹಾಗೆಯೇ ಕಂಪೈಲ್ ಮಾಡಿ, ಕಪ್ಪು ಪರದೆಯಲ್ಲೇ ಆಟ ಆರಂಭವಾಗಿ ಮುಗಿಯುವುದನ್ನು ಖಚಿತಪಡಿಸಿಕೊಳ್ಳಿ. ಅನಂತರ ಡಮ್ಮಿ ವಿಡಿಯೊ ಫೋಲ್ಡರನ್ನು ಹೊಸ ಹೆಸರಿನಲ್ಲಿ ನಕಲಿಸಿಕೊಂಡು, ಫ್ರೇಮ್‌ಬಫರನ್ನು (ಪರದೆಯ ಚಿತ್ರವನ್ನು ಹಿಡಿದಿಡುವ ಮೆಮೊರಿಯನ್ನು) ರಚಿಸುವ, ಪರದೆಗೆ ಕಳಿಸುವ, ಅಳಿಸುವ ಮೂರು ಫಂಕ್ಷನ್‌ಗಳನ್ನು ತುಂಬಿದರೆ ಚಿತ್ರ ಮೂಡುತ್ತದೆ. ಬಫರಿನ ಬಣ್ಣಪದ್ಧತಿಯಾಗಿ ಕೆಂಪಿಗೆ ಮೂರು, ಹಸಿರಿಗೆ ಮೂರು, ನೀಲಿಗೆ ಎರಡು ಬಿಟ್ ಇರುವ 332ನ್ನು ಆರಿಸಿಕೊಂಡರೆ ಒಂದು ಚುಕ್ಕಿ ಒಂದೇ ಬೈಟಿನಲ್ಲಿ ಕೂರುತ್ತದೆ, ಮತ್ತು 32 ಬಿಟ್ಟಿನ ಇಡೀ ಚಿತ್ರವನ್ನು ಪ್ರತಿ ಸಲ ಬದಲಿಸುವ ಭಾರ ಪ್ರೊಸೆಸರಿನ ಮೇಲೆ ಬೀಳುವುದಿಲ್ಲ. ಸೆಕೆಂಡಿಗೆ 30 ಚಿತ್ರವೆಂದರೂ 19,20,000 ಬೈಟ್ ಸಾಗಿಸಬೇಕು. ಐಎಸ್‌ಎ ಸ್ಲಾಟಿನ ಹಳೆಯ ಕಾರ್ಡಿಗೆ ಅದು ಸಣ್ಣ ಹೊರೆಯಲ್ಲ.

ಕೀಬೋರ್ಡಿಗೆ ಒಂಬತ್ತನೆಯ ಇಂಟರಪ್ಟನ್ನು, ಅಂದರೆ ಕೀಲಿಯೊತ್ತಿದಾಗ ಪ್ರೊಸೆಸರಿನ ಕೆಲಸವನ್ನು ತಡೆದು ಬರುವ ಕರೆಯನ್ನು, ನಮ್ಮದೇ ಫಂಕ್ಷನ್ನಿನಿಂದ (ಹ್ಯಾಂಡ್ಲರಿನಿಂದ) ಹಿಡಿಯಬೇಕು. ಆ ಹ್ಯಾಂಡ್ಲರಿನೊಳಗೆ ಕೀಲಿಯ ಸಂಕೇತವನ್ನು ಓದಿ ಒಂದು ಸರದಿ ಸಾಲಿನಲ್ಲಿಟ್ಟು ಹೊರಬನ್ನಿ. ಎಸ್‌ಡಿಎಲ್‌ನ ಯಾವ ಫಂಕ್ಷನನ್ನೂ ಅಲ್ಲಿಂದ ಕರೆಯಬೇಡಿ. ಸಾಲನ್ನು ಖಾಲಿ ಮಾಡುವ ಕೆಲಸ ಈವೆಂಟುಗಳನ್ನು ಸಂಗ್ರಹಿಸುವ ಫಂಕ್ಷನ್ನಿನದು. ಇಲ್ಲಿ ಹೊಸಬರು ಎಡವುವ ಒಂದು ಹೊಂಡವಿದೆ. ಡಿಜೆಜಿಪಿಪಿಯ ಜೊತೆಗೆ ಬರುವ, ಮೆಮೊರಿ ನಿರ್ವಹಿಸುವ ಡಿಪಿಎಂಐ ಪ್ರೋಗ್ರಾಮು, ಮೆಮೊರಿ ಸಾಲದಾದಾಗ, ಕೆಲವು ಪುಟಗಳನ್ನು ಡಿಸ್ಕಿಗೆ ಸರಿಸುತ್ತದೆ. ಹಾಗೆ ಸರಿದ ಪುಟದಲ್ಲೇ ಹ್ಯಾಂಡ್ಲರ್ ಇದ್ದು ಅದೇ ಗಳಿಗೆಯಲ್ಲಿ ಕೀಲಿಯೊತ್ತಿದರೆ ಯಂತ್ರ ಸ್ತಬ್ಧವಾಗುತ್ತದೆ. ಆರಂಭದಲ್ಲೇ ಇಡೀ ಮೆಮೊರಿಗೆ ಬೀಗ ಹಾಕುವ ಸೂಚನೆಯನ್ನು ಸೇರಿಸಿಬಿಡಿ.

ಸಮಯಕ್ಕೆ ಡಾಸ್‌ನ ಗಡಿಯಾರವನ್ನು ನೆಚ್ಚಬಾರದು. ಅದು ಸೆಕೆಂಡಿಗೆ 18.2 ಸಲ ಮಾತ್ರ ಮಿಡಿಯುತ್ತದೆ. ಡಿಜೆಜಿಪಿಪಿಯ ಯೂಕ್ಲಾಕ್ ಫಂಕ್ಷನ್ ಸಾಕಷ್ಟು ಸೂಕ್ಷ್ಮವಾಗಿದೆ.

ಸದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಎಸ್‌ಡಿಎಲ್ ಸದ್ದಿಗಾಗಿ ಬೇರೆಯೇ ಥ್ರೆಡ್ ಬಯಸುತ್ತದೆ, ಡಾಸ್‌ನಲ್ಲಿ ಥ್ರೆಡ್ಡೇ ಇಲ್ಲ. ಕಾಲ್‌ಬ್ಯಾಕನ್ನು (ಸದ್ದಿನ ಮಾದರಿಗಳನ್ನು ತುಂಬಿಕೊಡುವ ಆಟದ ಫಂಕ್ಷನನ್ನು) ತಾನೇ ನೋಡಿಕೊಳ್ಳುವುದಾಗಿ ಡ್ರೈವರಿನಿಂದ ಹೇಳಿಸಿ, ಸೌಂಡ್ ಬ್ಲಾಸ್ಟರ್ ಕಾರ್ಡಿನ ಇಂಟರಪ್ಟು ಬಂದಾಗ ಅರ್ಧ ಬಫರು ಮುಗಿಯಿತೆಂಬ ಗುರುತನ್ನಷ್ಟೇ ಹಾಕಿ, ಮಿಶ್ರಣವನ್ನು ಈವೆಂಟ್ ಸಂಗ್ರಹದ ಜಾಗದಲ್ಲಿ ಮಾಡಿದೆವು. ಸೆಕೆಂಡಿಗೆ 11,025 ಮಾದರಿಗಳ ದರದಲ್ಲಿ 1,024 ಮಾದರಿಯ ಅರ್ಧ ಬಫರು ಸುಮಾರು 93 ಮಿಲಿಸೆಕೆಂಡು ಬಾಳುತ್ತದೆ. ಸೆಕೆಂಡಿಗೆ ಹದಿನೈದು ಚಿತ್ರ ಓಡಿದರೂ ಸದ್ದು ಕಡಿಯದು. ಡಿಎಂಎ ಬಫರು (ಪ್ರೊಸೆಸರಿನ ನೆರವಿಲ್ಲದೆ ಕಾರ್ಡಿಗೆ ಸದ್ದು ಸಾಗುವ ಮೆಮೊರಿ) ಮೊದಲ 1 ಎಂಬಿಯೊಳಗಿದ್ದು 64 ಕೆಬಿ ಗಡಿಯನ್ನು ದಾಟದಂತೆ ನೋಡಿಕೊಳ್ಳಿ. ಕವಡೆ ಉರುಳುವ ಸದ್ದು ಮೊದಲ ಸಲ ಸರಿಯಾಗಿ ಕೇಳುವ ಹೊತ್ತಿಗೆ ನಮಗೆ ನಾಲ್ಕು ಭಾನುವಾರ ಹಿಡಿದಿತ್ತು.

ಕನ್ನಡ ಅಕ್ಷರಗಳ ವಿಷಯದಲ್ಲಿ ಹಟ ಬೇಡ. ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಅನ್ನು 486ಕ್ಕೆ ಹೊರಿಸುವ ಬದಲು, ಆಟಕ್ಕೆ ಬೇಕಾದ ಪದಗಳನ್ನು ಲ್ಯಾಪ್‌ಟಾಪಿನಲ್ಲೇ ಚಿತ್ರಗಳಾಗಿ ಮಾಡಿಕೊಂಡು ಒಯ್ಯಿರಿ.

ಎಮ್ಯುಲೇಟರಿನಲ್ಲಿ ಓಡಿದ್ದೆಲ್ಲ ನಿಜವಾದ ಯಂತ್ರದಲ್ಲಿ ಓಡುವುದಿಲ್ಲ, ಒಂದು ಯಂತ್ರದಲ್ಲಿ ಓಡಿದ್ದು ಇನ್ನೊಂದರಲ್ಲೂ ಓಡಬೇಕೆಂದಿಲ್ಲ. ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರಿನಲ್ಲೂ ನನ್ನ ಡಿಎಕ್ಸ್2ನಲ್ಲೂ ಸರಿಯಿದ್ದ ಆಟವನ್ನು ಕಾರ್ಡಿನಲ್ಲಿ ಹಾಕಿಕೊಂಡು ಮಂಡ್ಯಕ್ಕೆ ಹೋದರೆ, ಗೆಳೆಯರ ಯಂತ್ರದಲ್ಲಿ ಅದು ಹೆಸರು ತೋರಿಸುವ ಮುನ್ನವೇ ನಿಂತಿತು. "ನಿಮ್ಮ ಡಿಎಕ್ಸ್‌ಗೆ ದಶಮಾಂಶದ ಲೆಕ್ಕ ಬರುತ್ತೆ, ನನ್ನದಕ್ಕೆ ಬರಲ್ಲವಲ್ಲ ಸಾರ್" ಎಂದು ಅವರೇ ಕಾರಣ ಹಿಡಿದರು. ಎಸ್‌ಎಕ್ಸ್‌ನಲ್ಲಿ ಗಣಿತದ ಕೋಪ್ರೊಸೆಸರ್ ಇರುವುದಿಲ್ಲ. ಡಿಜೆಜಿಪಿಪಿಯ ಎಮು ಲೈಬ್ರರಿಯನ್ನು (ಆ ಲೆಕ್ಕಗಳನ್ನು ಸಾಫ್ಟ್‌ವೇರಿನಲ್ಲೇ ಮಾಡುವಂಥದ್ದನ್ನು) ಲಿಂಕ್ ಮಾಡಿದ ಮೇಲೆ ಆಟ ತೆವಳುತ್ತಾ ಶುರುವಾಯಿತು. ಚಲನೆಯ ಲೆಕ್ಕಗಳನ್ನು ಪೂರ್ಣಾಂಕಕ್ಕೆ ಬದಲಿಸಿದರೆ ವೇಗ ಬಂದೀತು, ಆದರೆ ಆಟದ ಕೋಡನ್ನು ಮುಟ್ಟುವುದಿಲ್ಲವೆಂಬ ನಮ್ಮ ನಿಯಮ ಅಲ್ಲಿಗೆ ಮುರಿಯುತ್ತದೆ; ಗೆಳೆಯರು ಒಪ್ಪಿದ್ದಾರೆ, ನಾನಿನ್ನೂ ಒಪ್ಪಿಲ್ಲ.