ಮಕ್ಕಳ ಫೋಟೋ ತೆಗೆದುಹಾಕಿದೆ, ಮಂಡಕ್ಕಿ ಅಂಗಡಿ ಚೀಟಿ ಹಾಕಿದೆ: ಆನ್‌ಲೈನ್ ದೇಣಿಗೆಯಲ್ಲಿ ನನ್ನ ಅನುಭವ

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸಣ್ಣ ಟ್ರಸ್ಟ್. ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇವೆ, ನಡುವೆ ಒಂದು ತಟ್ಟೆ ಮಂಡಕ್ಕಿ ಕೊಡುತ್ತೇವೆ. ಮಕ್ಕಳು ನಲವತ್ತು ಚಿಲ್ಲರೆ. ತಿಂಗಳ ಖರ್ಚು 30 ಸಾವಿರದ ಆಸುಪಾಸು, ಅದರಲ್ಲಿ ಇಬ್ಬರು ಟೀಚರ್‌ಗಳ ಗೌರವಧನವೇ ಜಾಸ್ತಿ. ಆನ್‌ಲೈನಲ್ಲಿ ದೇಣಿಗೆ ಎತ್ತೋಣ ಅಂತ ನಾನು ಹೇಳಿದಾಗ ಕಮಿಟಿಯವರು ನಕ್ಕರು. ಮೊದಲ ಎರಡು ವರ್ಷ ಅವರು ನಕ್ಕಿದ್ದೇ ಸರಿಯಾಗಿತ್ತು ಬಿಡಿ.

ವೆಬ್‌ಸೈಟಿಗೆ ಸುಮಾರು 35 ಸಾವಿರ ಹೋಯಿತು. ಮಾಡಿಕೊಟ್ಟವರು ನಮ್ಮ ಹಳೇ ಕರಪತ್ರದ ಕನ್ನಡವನ್ನು ಹಾಗೇ ತಂದು ಅಂಟಿಸಿದ್ದರು. ಅದು ಯೂನಿಕೋಡ್ ಅಲ್ಲದ ಫಾಂಟು, ಅಂದರೆ ಆ ಫಾಂಟು ಇಲ್ಲದ ಕಡೆ ಕನ್ನಡ ಕಾಣಲ್ಲ. ಅವರ ಕಂಪ್ಯೂಟರಿನಲ್ಲಿ ಚಂದ ಕಂಡಿತು, ನನ್ನ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಸರಿಪಡಿಸಿ ಅಂದರೆ ಇಡೀ ಪುಟವನ್ನೇ ಚಿತ್ರ ಮಾಡಿ ಹಾಕಿದರು. ಚಿತ್ರ ಹಾಕಿದರೆ ಊರಿನ ಹೆಸರು ಕೊಟ್ಟು ಹುಡುಕಿದರೂ ಸಿಗಲ್ಲ, ಅಲ್ವಾ? ಕೊನೆಗೆ ಹತ್ತು ಹನ್ನೊಂದು ರಾತ್ರಿ ಕೂತು ನಾನೇ ಎಲ್ಲ ಟೈಪ್ ಮಾಡಿದೆ.

ಆಮೇಲೆ ಕ್ಯೂಆರ್ ಕೋಡ್. ದೊಡ್ಡದಾಗಿ ಹಾಕಿದ್ದೆವು. ನೋಡುವವರೆಲ್ಲ ಮೊಬೈಲಿನಲ್ಲೇ ನೋಡುತ್ತಾರೆ, ತಮ್ಮ ಮೊಬೈಲಿನ ಪರದೆಯನ್ನು ಅದೇ ಮೊಬೈಲಿನಿಂದ ಸ್ಕ್ಯಾನ್ ಮಾಡೋದು ಹೇಗೆ? ಇದು ನಮಗೆ ಹೊಳೆಯಲು ಏಳು ತಿಂಗಳು ಬೇಕಾಯಿತು. ಈಗ ಒತ್ತಿದರೆ ಕಾಪಿ ಆಗುವ ಯುಪಿಐ ಐಡಿ ಮೇಲೆ, ಕ್ಯೂಆರ್ ಕೆಳಗೆ.

ಅತಿ ದುಬಾರಿ ಪಾಠ ಬೂಸ್ಟ್ ಮಾಡಿದ್ದು, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸಿದ್ದು. ಮೂರು ಸಲ ಸೇರಿ 6-7 ಸಾವಿರ ಸುರಿದೆ. ಸಾವಿರಾರು ಲೈಕ್ ಬಂತು. ದೇಣಿಗೆ 501 ರೂಪಾಯಿ, ಅದೂ ನಮ್ಮ ಭಾವ ಕೊಟ್ಟಿದ್ದು. ಆ ಪೋಸ್ಟಿನಲ್ಲಿ ಹರಿದ ಅಂಗಿ ಹಾಕಿದ ಒಬ್ಬ ಹುಡುಗನ ಫೋಟೋ ಇತ್ತು. ಮರುದಿನ ಅವನ ಅಪ್ಪ ಬಂದು, "ನನ್ನ ಮಗಾ ಭಿಕ್ಷಾ ಬೇಡಾಕತ್ತಾನೇನ್ರಿ ಸರ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಆ ಪೋಸ್ಟ್ ತೆಗೆದೆ. ಅಲ್ಲಿಂದ ಮಕ್ಕಳ ಮುಖ ಹಾಕೋದು ಬಿಟ್ಟೆವು.

ಮುಖ ಇಲ್ಲ ಅಂದಮೇಲೆ ಹಾಕೋದು ಏನನ್ನ? ಕೈಯಲ್ಲಿ ಕಿರಾಣಿ ಅಂಗಡಿ ಚೀಟಿ ಇತ್ತು. ಮಂಡಕ್ಕಿ, ಪುಟಾಣಿ, ಎಣ್ಣೆ, ಒಗ್ಗರಣೆಗೆ ಮೆಣಸಿನಕಾಯಿ. ಅದರದ್ದೇ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಕೆಳಗೆ, "ಇವತ್ತಿನ ಖರ್ಚು ಇಷ್ಟು. ನಿನ್ನೆ ಕೊಟ್ಟವರು ಇಬ್ಬರು. ಉಳಿದದ್ದು ಇಷ್ಟು." ಅಷ್ಟೇ. ನಮ್ಮ ಅಧ್ಯಕ್ಷರು ರಿಟೈರ್ಡ್ ಹೆಡ್ ಮಾಸ್ತರರು. "ಮನಿ ಲೆಕ್ಕ ಬೀದಿಗೆ ಹಾಕ್ತಿಯೇನೋ ತಮ್ಮಾ?" ಅಂತ ಬೈದರು. ಆ ವಾರ 4 ಸಾವಿರ ಬಂತು. ಅವರು ಇನ್ನೊಂದು ವಾರ ನೋಡೋಣ ಅಂದರು.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಬಗ್ಗೆ ಗೊತ್ತಿರುತ್ತೆ, ಒಂದೇ ಮೆಸೇಜ್ ಲಿಸ್ಟಿನ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತೆ, ಒಂದು ಲಿಸ್ಟಿಗೆ 256 ಜನ. ನಾಲ್ಕು ಲಿಸ್ಟ್ ಮಾಡಿ ಊರಿಗೆಲ್ಲ ಮುಟ್ಟಿತು ಅಂದುಕೊಂಡಿದ್ದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತೆ ಅಂತ ಆಮೇಲೆ ತಿಳಿಯಿತು. ನಿಜಕ್ಕೂ ಮುಟ್ಟಿದ್ದು ನೂರು ಜನಕ್ಕೂ ಇಲ್ಲ. ಈಗ 600ರ ಮೇಲಿದೆ. ಸೇವ್ ಮಾಡಿಸಿದ್ದು ಹೇಗೆ? ಅರ್ಧ ಹೇಳುತ್ತೇನೆ: ಜಾತ್ರೆಯಲ್ಲಿ ಮಜ್ಜಿಗೆ ಹಂಚಿದೆವು. ಇನ್ನರ್ಧ ನಮ್ಮ ಮನೆ ಗುಟ್ಟು.

ನಡುವೆ ರೀಲ್ಸ್ ಹುಚ್ಚು ಹಿಡಿದಿತ್ತು. ಮಂಡಕ್ಕಿ ಒಗ್ಗರಣೆ ಸಿಡಿಯುವ ರೀಲ್ ಒಂದನ್ನು ಲಕ್ಷದ ಹತ್ತಿರ ಜನ ನೋಡಿದರು. ಬಂದ ಮೆಸೇಜೆಲ್ಲ ರೆಸಿಪಿ ಕೇಳಿ! ಬೆಳಗ್ಗೆ ಚೀಟಿ ಹಾಕಿ ನೋಡಿದೆ, ರಾತ್ರಿ ಹಾಕಿ ನೋಡಿದೆ. ರಾತ್ರಿ ಊಟದ ಹೊತ್ತು ವಾಸಿ. ತಿಂಗಳ ಮೊದಲ ವಾರ ಇನ್ನೂ ವಾಸಿ, ಸಂಬಳ ಆಗಿರುತ್ತಲ್ಲ.

ಕಾಗದಪತ್ರದಲ್ಲೂ ಪೆಟ್ಟು ತಿಂದಿದ್ದೇನೆ. ಯುಪಿಐನಲ್ಲಿ ದುಡ್ಡು ಬರುತ್ತೆ, ಪ್ಯಾನ್ ನಂಬರ್ ಬರಲ್ಲ. ಮೇ 31ರೊಳಗೆ ಕೊಟ್ಟವರ ಹೆಸರು, ಪ್ಯಾನ್ ಸಮೇತ 10ಬಿಡಿ ಅನ್ನೋ ತೆರಿಗೆ ಫಾರಂ ತುಂಬಬೇಕಿತ್ತು, ತಡವಾದರೆ ದಿನಕ್ಕೆ 200 ರೂಪಾಯಿ. ಒಂದು ವರ್ಷ ಒಂಬತ್ತು ದಿನ ತಡ ಮಾಡಿ 1,800 ಕಟ್ಟಿದೆ, ನನ್ನ ಜೇಬಿಂದ. ಈಗ ದುಡ್ಡು ಬಂದ ದಿನವೇ ಥ್ಯಾಂಕ್ಸ್ ಜೊತೆ ಪ್ಯಾನ್ ಕೇಳುತ್ತೇನೆ. ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುತ್ತೆ ಅನ್ನೋಕೆ 80ಜಿ ಅಂತ ದೊಡ್ಡದಾಗಿ ಬರೆಯೋದನ್ನೂ ಬಿಟ್ಟೆ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದರ ಲಾಭವೇ ಇಲ್ಲ. ಅಂಥವರು ಸುಮ್ನೆ ಕೊಡುತ್ತಾರೆ, ಅಥವಾ ಕೊಡಲ್ಲ.

ಅಮೆರಿಕದಲ್ಲಿರುವ ನಮ್ಮೂರಿನ ಒಬ್ಬರು ಒಂದೇ ಸಲ 50 ಸಾವಿರ ಕಳಿಸ್ತೀನಿ ಅಂದರು. ಅವರು ಅಲ್ಲಿಯ ಪೌರರಾಗಿಬಿಟ್ಟಿದ್ದಾರೆ, ನಮಗೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲ. ಬೇಡ ಅಂದೆ. ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗಲ್ಲ, ಆದರೂ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳುತ್ತೇನೆ. ಆ 50 ಸಾವಿರಕ್ಕೆ ಕಮಿಟಿಯಲ್ಲಿ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಈಗ ತಿಂಗಳಿಗೆ 22ರಿಂದ 25 ಸಾವಿರ ಆನ್‌ಲೈನಿಂದಲೇ ಬರುತ್ತಿದೆ. ಹೆಚ್ಚಿನವು ನೂರು, ಇನ್ನೂರರ ಕಂತು. ಮೊನ್ನೆ ಒಬ್ಬರು ಚೀಟಿ ನೋಡಿ, "ಪುಟಾಣಿ ರೇಟು ಜಾಸ್ತಿ ಹಾಕ್ಯಾರ್ರಿ" ಅಂತ ಮೆಸೇಜ್ ಮಾಡಿದರು. ವಿಚಾರಿಸಿದೆ, ಹೌದು, ಕಿಲೋಗೆ ಹತ್ತು ರೂಪಾಯಿ ಜಾಸ್ತಿ ಇತ್ತು. ಅಂಗಡಿ ಬದಲಿಸಿ, ಎರಡೂ ಚೀಟಿ ಅಕ್ಕಪಕ್ಕ ಇಟ್ಟು ಸ್ಟೇಟಸ್ ಹಾಕಿದೆ. ಅವತ್ತು ರಾತ್ರಿ 2,300 ಬಂತು. ಹೆಡ್ ಮಾಸ್ತರರದ್ದು ಅದರಲ್ಲಿ 200.