ಕ್ಯಾಪ್ಸೈಸಿನ್ ಕ್ರೀಮ್ ಹಚ್ಚುವ ಬಗೆ: ಉರಿ ಏಕೆ, ನೋವು ಇಳಿಯುವುದು ಯಾವಾಗ

ಮಂಡಿನೋವಿಗೋ, ಸರ್ಪಸುತ್ತು ವಾಸಿಯಾದ ಮೇಲೂ ಬಿಡದೆ ಕಾಡುವ ನರನೋವಿಗೋ ಕ್ಯಾಪ್ಸೈಸಿನ್ (ಮೆಣಸಿನಕಾಯಿಗೆ ಖಾರ ಕೊಡುವ ಅಂಶ) ಕ್ರೀಮ್ ಶುರು ಮಾಡಿದವರು ಉರಿ ತಾಳಲಾರದೆ ಮೊದಲ ವಾರದಲ್ಲೇ ಕೈಬಿಡುವುದುಂಟು. ಬೇಸರದ ಸಂಗತಿ, ಏಕೆಂದರೆ ಆ ಉರಿಯನ್ನು ದಾಟಿದ ಮೇಲೇ ಔಷಧಿಯ ಗುಣ ತಿಳಿಯುವುದು.

ಚರ್ಮದಲ್ಲಿ ನೋವು, ಬಿಸಿಯನ್ನು ಗ್ರಹಿಸುವ ಸಣ್ಣ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕ, ಅಂದರೆ ಬಾಗಿಲಿನಂತೆ ತೆರೆದುಕೊಳ್ಳುವ ಪ್ರೋಟೀನ್, ಇದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಅದು ತೆರೆದುಕೊಳ್ಳುತ್ತದೆ. ಕ್ಯಾಪ್ಸೈಸಿನ್ ಬಂದು ಕೂತರೆ ಮಾಮೂಲಿ ಮೈಬಿಸಿಯಲ್ಲೇ ತೆರೆಯುತ್ತದೆ. ಒಳಗೆ ಕ್ಯಾಲ್ಸಿಯಂ, ಸೋಡಿಯಂ ನುಗ್ಗುತ್ತವೆ. ಚರ್ಮ ಸುಡದಿದ್ದರೂ ಸುಡುತ್ತಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ.

ಕೆಂಪಾಗುವುದಕ್ಕೂ ಕಾರಣ ಇದೇ ನರ. ಕೆರಳಿದ ತುದಿಗಳು ಸಿಜಿಆರ್‌ಪಿ, ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡ್‌ಗಳನ್ನು (ಪ್ರೋಟೀನಿನಂಥ ಚಿಕ್ಕ ಅಣುಗಳನ್ನು) ಹೊರಬಿಡುತ್ತವೆ. ಮೊದಲನೆಯದು ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿದರೆ, ಎರಡನೆಯದು ನಾಳದಿಂದ ದ್ರವ ಜಿನುಗುವಂತೆ ಮಾಡಬಲ್ಲದು. ರಕ್ತ ಹೆಚ್ಚು ಹರಿದು ಚರ್ಮ ಮುಟ್ಟಿದರೂ ಬೆಚ್ಚಗಿರುತ್ತದೆ. ಗಮನಿಸಿ ನೋಡಿ: ಕ್ರೀಮ್ ತಾಗದ ಸುತ್ತಲಿನ ಜಾಗವೂ ಕೆಂಪೇರಿರುತ್ತದೆ. ಸಂದೇಶ ಅದೇ ನರದ ಪಕ್ಕದ ಕವಲುಗಳಿಗೆ ಹಿಂದಿರುಗಿ ಅಲ್ಲಿಯೂ ನಾಳ ಹಿಗ್ಗಿಸಿರುತ್ತದೆ. ಇದಷ್ಟನ್ನೇ ಕಂಡು ಅಲರ್ಜಿ ಎಂದು ಗಾಬರಿಯಾಗಬೇಕಿಲ್ಲ.

ದಿನವೂ ಹಚ್ಚುತ್ತಾ ಹೋದರೆ ಆ ನರತುದಿಗಳು ಸ್ಪಂದಿಸುವುದನ್ನು ಕಡಿಮೆ ಮಾಡಿ, ಚರ್ಮದ ಮೇಲ್ಪದರದಿಂದ ತಾತ್ಕಾಲಿಕವಾಗಿ ಹಿಂದೆ ಸರಿಯುತ್ತವೆ. ನಿಲ್ಲಿಸಿದ ಮೇಲೆ ಮತ್ತೆ ಬೆಳೆಯುತ್ತವೆ.

ಕ್ರೀಮ್ ಸಾಮಾನ್ಯವಾಗಿ 0.025 ಅಥವಾ 0.075 ಶೇಕಡಾ ಪ್ರಮಾಣದಲ್ಲಿ ಸಿಗುತ್ತದೆ. ಒಣಗಿದ, ತಣ್ಣಗಿರುವ, ಗಾಯವಿಲ್ಲದ ಚರ್ಮಕ್ಕೆ ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಮೇಲೆ ಬಿಳಿ ಪದರ ಉಳಿಯದಂತೆ ತಿಕ್ಕಿ. ಉಳಿದದ್ದು ಒಣಗಿ ಪುಡಿಯಾಗಿ ಮೂಗಿಗೆ ಹೋದರೆ ಕೆಮ್ಮು, ಸೀನು ತಪ್ಪಿದ್ದಲ್ಲ. ಚೀಟಿಯಲ್ಲಿ ಬೇರೆ ಹೇಳದಿದ್ದರೆ ದಿನಕ್ಕೆ ಮೂರು ನಾಲ್ಕು ಸಲ ಹಚ್ಚಿ. ನೋವು ಬಂದಾಗ ಮಾತ್ರ ಹಚ್ಚುವುದು ದೊಡ್ಡ ತಪ್ಪು: ನರ ಸುಮ್ಮನಾಗಲು ಅವಕಾಶವೇ ಸಿಗದೆ ಪ್ರತಿ ಸಲವೂ ಹೊಸದಾಗಿ ಉರಿಯುತ್ತದೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನರನೋವಿಗೆ ಇನ್ನೂ ಹೆಚ್ಚು.

ಹಚ್ಚಿದ ಕೂಡಲೇ ಕೈಯನ್ನು ಸೋಪಿನಿಂದ ತೊಳೆಯಿರಿ. ಕ್ಯಾಪ್ಸೈಸಿನ್ ಬರೀ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಬೆರಳಿಗೆ ಅಂಟಿದ್ದರೆ ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು. ಬೆರಳ ಗಂಟುಗಳಿಗೇ ಹಚ್ಚಿದ್ದರೆ 30 ನಿಮಿಷ ಬಿಟ್ಟು ತೊಳೆಯಿರಿ. ಅಷ್ಟರವರೆಗೆ ಕಣ್ಣು, ಕಾಂಟ್ಯಾಕ್ಟ್ ಲೆನ್ಸ್ ಮುಟ್ಟಬೇಡಿ.

ಬಿಸಿನೀರ ಸ್ನಾನ, ಶಾಖದ ಚೀಲ, ಬೆವರು ಬರುವ ವ್ಯಾಯಾಮ ಹಚ್ಚುವ ಮುಂಚೆಯೂ ಬೇಡ, ಹಚ್ಚಿದ ಮೇಲೂ ಬೇಡ. ಕ್ಯಾಪ್ಸೈಸಿನ್ ಇರುವಾಗ ಟಿಆರ್‌ಪಿವಿ1 ತೀರಾ ಕಡಿಮೆ ಬಿಸಿಗೇ ತೆರೆದುಕೊಳ್ಳುವುದರಿಂದ ಉಗುರುಬೆಚ್ಚನೆ ನೀರೂ ಕುದಿನೀರಿನಂತೆ ತಾಗೀತು. ಬಿಗಿಯಾಗಿ ಬ್ಯಾಂಡೇಜ್ ಸುತ್ತಲೂ ಬಾರದು. ಉರಿ ಹೆಚ್ಚಾದರೆ ಬಟ್ಟೆಯಲ್ಲಿ ಸುತ್ತಿದ ತಂಪು ಪ್ಯಾಕ್ ಇಡಿ.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ವೈದ್ಯರನ್ನು ಕೇಳದೆ ಹಚ್ಚಬಾರದು, ಅಪಾಯದ ಉರಿಯೇ ಅವರಿಗೆ ತಿಳಿಯದೆ ಹೋಗಬಹುದು. 8 ಶೇಕಡಾ ಪ್ಯಾಚ್ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳುವಂಥದ್ದು: ಪಾದಕ್ಕೆ 30 ನಿಮಿಷ, ಉಳಿದೆಡೆ 60 ನಿಮಿಷ, ಮತ್ತೆ ಹಾಕಲು ಕನಿಷ್ಠ ಮೂರು ತಿಂಗಳು ಕಾಯಬೇಕು. ಯಾವುದೇ ಪ್ರಮಾಣದಲ್ಲಾಗಲಿ ಗುಳ್ಳೆ ಎದ್ದರೆ, ಊತ ಬಂದರೆ ಅಥವಾ ಉಸಿರು ಕಟ್ಟಿದರೆ ತೊಳೆದು ನಿಲ್ಲಿಸಿ, ಕೂಡಲೇ ವೈದ್ಯರಿಗೆ ತೋರಿಸಿ.